ಬಾಗಿಲ ಒಳಗೆ, ಬಾಗಿಲ ಹೊರಗೆ: ಅಮೆರಿಕನ್ನರ ಮನೆ, ಯುರೋಪಿಯನ್ನರ ಮನೆ

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಕನ್ನಡದಲ್ಲಿ ಪಪ್ಪಾಯಿಗೆ ಪರಂಗಿ ಹಣ್ಣು ಎಂಬ ಹೆಸರಿದೆ. ಈ ಹಣ್ಣಿನ ತವರು ಅಮೆರಿಕ ಖಂಡ. ಅದನ್ನು ಹಡಗಿನಲ್ಲಿ ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು. ನಮ್ಮ ಹಿರಿಯರು ತಂದವರ ಹೆಸರನ್ನೇ ಹಣ್ಣಿಗೆ ಇಟ್ಟುಬಿಟ್ಟರು. ಕನ್ನಡದ ‘ಪರಂಗಿ’, ಉರ್ದುವಿನ ‘ಫಿರಂಗಿ’ ಎರಡೂ ಒಂದೇ ಬೇರಿನವು. ಯುರೋಪಿನ ಫ್ರಾಂಕ್ ಎಂಬ ಜನಾಂಗದ ಹೆಸರು ಅರಬಿ, ಫಾರಸಿಗಳ ಮೂಲಕ ನಮ್ಮ ಬಾಯಿಗೆ ಬಂದು ಈ ರೂಪ ಪಡೆದಿದೆ. ಹೀಗೆ ಹಣ್ಣು ಅಮೆರಿಕದ್ದು, ಹೆಸರು ಯುರೋಪಿನವರದ್ದು!

ಈ ಗೊಂದಲ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ‘ಪಾಶ್ಚಾತ್ಯರು ಹೀಗೆ, ಪಾಶ್ಚಾತ್ಯರು ಹಾಗೆ’ ಎಂದು ನಮ್ಮ ಸಭೆಗಳಲ್ಲಿ, ಬಯಾನ್‌ಗಳಲ್ಲಿ, ಲೇಖನಗಳಲ್ಲಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಹೊಗಳುವವರೂ ಹಾಗೆಯೇ, ತೆಗಳುವವರೂ ಹಾಗೆಯೇ. ಆದರೆ ಅಮೆರಿಕನ್ನರ ಬದುಕಿಗೂ ಯುರೋಪಿಯನ್ನರ ಬದುಕಿಗೂ ಬಹಳ ವ್ಯತ್ಯಾಸವಿದೆ. ಆ ವ್ಯತ್ಯಾಸ ಮೊದಲು ಕಾಣುವುದು ಅವರ ಮನೆಗಳಲ್ಲಿ. ಮನೆಯಿಂದ ಅದು ಶಾಲೆಗೆ ಹೋಗುತ್ತದೆ, ಆಸ್ಪತ್ರೆಗೆ ಹೋಗುತ್ತದೆ, ಕೊನೆಗೆ ಮನುಷ್ಯನ ಮನೋಭಾವದಲ್ಲಿ ಹೋಗಿ ನಿಲ್ಲುತ್ತದೆ. ನಮ್ಮ ಮಕ್ಕಳು ಈಗ ಎರಡೂ ಕಡೆ ಓದಲು ಹೋಗುತ್ತಿದ್ದಾರೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅಮೆರಿಕನ್ನರ ಮನೆ

ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಕಟ್ಟಿದ ಸಾಮಾನ್ಯ ಹೊಸ ಮನೆಯ ವಿಸ್ತೀರ್ಣ ಸುಮಾರು 2,200 ಚದರ ಅಡಿ. ನಮ್ಮ ಕಡೆಯ 30-40ರ ನಿವೇಶನವೇ 1,200 ಚದರ ಅಡಿ ಎಂಬುದನ್ನು ನೆನಪಿಸಿಕೊಂಡರೆ ಅದರ ಗಾತ್ರ ಅರ್ಥವಾದೀತು. ಆದರೆ ಅಮೆರಿಕನ್ನರ ಮನೆ ಹಿಂದಿನಿಂದಲೂ ಇಷ್ಟು ದೊಡ್ಡದಾಗಿರಲಿಲ್ಲ. 1950ರಲ್ಲಿ ಅಲ್ಲಿನ ಹೊಸ ಮನೆ ಸರಾಸರಿ 1,000 ಚದರ ಅಡಿಗೂ ಕಡಿಮೆ ಇತ್ತು. ಆಗ ಒಂದು ಮನೆಯಲ್ಲಿ ಸರಾಸರಿ ಮೂರಕ್ಕೂ ಹೆಚ್ಚು ಜನರಿದ್ದರು, ಈಗಿರುವುದು ಸುಮಾರು ಎರಡೂವರೆ. ಜನ ಕಡಿಮೆಯಾಗುತ್ತಾ ಹೋದಂತೆ ಮನೆ ದೊಡ್ಡದಾಗುತ್ತಾ ಹೋಯಿತು.

ಇದು ತಾನಾಗಿ ಆದದ್ದಲ್ಲ. 1934ರಲ್ಲಿ ಅಲ್ಲಿನ ಸರಕಾರ ಗೃಹಸಾಲಗಳಿಗೆ ವಿಮೆಯ ಭದ್ರತೆ ಕೊಡಲು ಶುರು ಮಾಡಿತು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಕಾನೂನು ಸುಲಭ ಗೃಹಸಾಲವನ್ನೂ ಕಾಲೇಜು ಶಿಕ್ಷಣವನ್ನೂ ಒದಗಿಸಿತು. 1947ರಲ್ಲಿ ನ್ಯೂಯಾರ್ಕ್ ಸಮೀಪದ ಲೆವಿಟ್‌ಟೌನ್ ಎಂಬಲ್ಲಿ ಒಂದೇ ಅಚ್ಚಿನ ಮನೆಗಳನ್ನು ಕಾರ್ಖಾನೆಯ ವೇಗದಲ್ಲಿ ಕಟ್ಟತೊಡಗಿದರು. ನಾಲ್ಕೈದು ವರ್ಷಗಳಲ್ಲಿ 17,000ಕ್ಕೂ ಹೆಚ್ಚು ಮನೆಗಳು ಎದ್ದವು. 1956ರ ಹೆದ್ದಾರಿ ಕಾನೂನು ಬಂದ ಮೇಲೆ ನಗರದಿಂದ ದೂರ ಹೋಗಿ ಮನೆ ಮಾಡುವುದು ಇನ್ನಷ್ಟು ಸುಲಭವಾಯಿತು. ಆದರೆ ಲೆವಿಟ್‌ಟೌನಿನಲ್ಲಿ ಕರಿಯರಿಗೆ ಮನೆ ಮಾರುತ್ತಿರಲಿಲ್ಲ. ಸರಕಾರದ ಭದ್ರತೆಯ ಸಾಲವೂ ಕರಿಯರು ವಾಸಿಸುವ ಬಡಾವಣೆಗಳಿಗೆ ಸಿಗುತ್ತಿರಲಿಲ್ಲ. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ, ಧರ್ಮ ನೋಡಬಾರದು ಎಂಬ ಕಾನೂನು ಬರಲು 1968ರವರೆಗೆ ಕಾಯಬೇಕಾಯಿತು. ಅಮೆರಿಕನ್ನರ ಸುಂದರ ಮನೆಯ ಚಿತ್ರ ನೋಡುವಾಗ ಈ ಸಂಗತಿಯನ್ನೂ ಮರೆಯಬಾರದು.

ಆ ಮನೆಯ ಒಳಗೆ ಹೋಗೋಣ. ಗೋಡೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಮುಂದೆ ಬೇಲಿಯಿಲ್ಲದ ಹುಲ್ಲುಹಾಸು, ಪಕ್ಕದಲ್ಲಿ ಎರಡು ಕಾರುಗಳ ಗ್ಯಾರೇಜು. ಅಡಿಗೆಮನೆ ಹಜಾರಕ್ಕೆ ತೆರೆದುಕೊಂಡಿರುತ್ತದೆ. ನಮ್ಮ ಆಳೆತ್ತರವನ್ನೂ ಮೀರುವ ಫ್ರಿಜ್ಜು ಇರುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಿಗೆ ಹವಾನಿಯಂತ್ರಣವಿದೆ. ಬಟ್ಟೆಯನ್ನು ಯಂತ್ರದಲ್ಲೇ ಒಣಗಿಸುತ್ತಾರೆ. ಹಗ್ಗ ಕಟ್ಟಿ ಬಿಸಿಲಿಗೆ ಬಟ್ಟೆ ಹರವಿದರೆ ಬಡಾವಣೆಯ ಅಂದ ಕೆಡುತ್ತದೆ ಎಂದು ಎಷ್ಟೋ ಬಡಾವಣೆಗಳ ಸಂಘಗಳು ನಿಯಮ ಮಾಡಿದ್ದವು. ಆಮೇಲೆ ಬಿಸಿಲಿನಲ್ಲಿ ಬಟ್ಟೆ ಒಣಗಿಸುವ ಹಕ್ಕಿಗಾಗಿ ಕೆಲವು ರಾಜ್ಯಗಳು ಕಾನೂನನ್ನೇ ಮಾಡಬೇಕಾಯಿತು!

ಇಷ್ಟೆಲ್ಲಾ ಇರುವ ಮನೆಯ ಬಾಗಿಲು ದಾಟಿದರೆ ಏನಿದೆ? ಬಹಳಷ್ಟು ಬಡಾವಣೆಗಳಲ್ಲಿ ಏನೂ ಇಲ್ಲ. ಮನೆಗಳ ಪ್ರದೇಶದಲ್ಲಿ ಅಂಗಡಿ ಇಡಲು ಅನುಮತಿ ಸಿಗುವುದಿಲ್ಲ. ಬಸ್ಸು ಅಪರೂಪ, ಕೆಲವು ಕಡೆ ಕಾಲುದಾರಿಯೂ ಇಲ್ಲ. ಹಾಲು ಬೇಕಾದರೂ ಕಾರು ತೆಗೆಯಬೇಕು. ಮಗುವನ್ನು ಗೆಳೆಯನ ಮನೆಗೆ ಕಳುಹಿಸಬೇಕಾದರೂ ಕಾರೇ ಬೇಕು. ಕಾರು ಓಡಿಸಲು ಬಾರದ ಮುದುಕಿ ಆ ದೊಡ್ಡ ಮನೆಯಲ್ಲಿ ಬಂದಿಯಂತೆ ಇರಬೇಕಾಗುತ್ತದೆ.

ಯುರೋಪಿಯನ್ನರ ಮನೆ

ಯುರೋಪ್ ಎಂಬುದು ಒಂದು ದೇಶವಲ್ಲ, ಹಲವು ದೇಶಗಳ ಖಂಡ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರೊಮೇನಿಯಾದಲ್ಲಿ ಶೇಕಡಾ 90ಕ್ಕೂ ಹೆಚ್ಚು ಜನ ಸ್ವಂತ ಮನೆಯಲ್ಲಿದ್ದಾರೆ. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆಯವರು. ಅಮೆರಿಕದಲ್ಲಿ ಮೂರು ಕುಟುಂಬಗಳಲ್ಲಿ ಹೆಚ್ಚುಕಡಿಮೆ ಎರಡಕ್ಕೆ ಸ್ವಂತ ಮನೆ ಇದೆ.

ಇಂಗ್ಲೆಂಡ್, ಜರ್ಮನಿಗಳಲ್ಲಿ ಸಾಮಾನ್ಯ ಮನೆ ಸುಮಾರು 1,000 ಚದರ ಅಡಿಯದು. ಕಲ್ಲು, ಇಟ್ಟಿಗೆ, ಕಾಂಕ್ರೀಟಿನ ದಪ್ಪ ಗೋಡೆಗಳು. ನೂರು ವರ್ಷ ಹಳೆಯ ಕಟ್ಟಡದಲ್ಲಿ ವಾಸಿಸುವುದು ಅಲ್ಲಿ ವಿಶೇಷವೇನಲ್ಲ. ಫ್ರಿಜ್ಜು ಚಿಕ್ಕದು, ಏಕೆಂದರೆ ರೊಟ್ಟಿ, ತರಕಾರಿ ತರಲು ನಡೆದುಕೊಂಡು ಹೋಗಬಹುದು. ಇಂಗ್ಲೆಂಡಿನಲ್ಲಿ ಬಟ್ಟೆ ಒಗೆಯುವ ಯಂತ್ರ ಅಡಿಗೆಮನೆಯಲ್ಲೇ ಇರುತ್ತದೆ. ಜರ್ಮನಿಯಲ್ಲಿ ಬಾಡಿಗೆ ಮನೆಗೆ ಹೋದರೆ ಎಷ್ಟೋ ಸಲ ಅಡಿಗೆಕಟ್ಟೆಯೂ ಸಿಂಕೂ ಇರುವುದಿಲ್ಲ. ಹಿಂದಿನ ಬಾಡಿಗೆದಾರ ತನ್ನ ಅಡಿಗೆಮನೆಯನ್ನು ಬಿಚ್ಚಿಕೊಂಡು ಹೋಗಿರುತ್ತಾನೆ! ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಅಂದು ಗೋಡೆಗೆ ಮೊಳೆ ಹೊಡೆದರೂ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ.

ನಮ್ಮವರಿಗೆ ಉಪಯೋಗವಾಗುವ ಒಂದು ಮಾತು. ಅಮೆರಿಕದ ಶೌಚಾಲಯಗಳಲ್ಲಿ ಸಾಮಾನ್ಯವಾಗಿ ಕಾಗದ ಮಾತ್ರ. ಇಟಲಿಯಲ್ಲಿ 1975ರ ನಿಯಮದಂತೆ ಪ್ರತಿ ಮನೆಯಲ್ಲೂ ನೀರಿನಿಂದ ಶುಚಿ ಮಾಡಿಕೊಳ್ಳುವ ಬಿಡೆ ಇರಲೇಬೇಕು. ಫಿನ್ಲೆಂಡಿನ ಮನೆಗಳಲ್ಲಿ ನಮ್ಮಲ್ಲಿರುವಂಥ ಕೈ ಷವರ್ ಸಾಮಾನ್ಯ. ಸ್ವೀಡನ್ ಮೊದಲಾದ ದೇಶಗಳಲ್ಲಿ ಪಾದರಕ್ಷೆಯನ್ನು ಬಾಗಿಲ ಬಳಿ ಬಿಟ್ಟೇ ಒಳಗೆ ಹೋಗುತ್ತಾರೆ. ಇಸ್ತಿಂಜಾ, ತಹಾರತ್‌ಗಳ ಅಭ್ಯಾಸವಿರುವ ನಮಗೆ ಇವು ಚಿಕ್ಕ ಸಂಗತಿಗಳಲ್ಲ.

ಯುರೋಪಿನ ಮನೆಯಲ್ಲಿ ಕೊರತೆಯೂ ಇದೆ. ಹವಾನಿಯಂತ್ರಣ ಇರುವುದು ಐದರಲ್ಲಿ ಸುಮಾರು ಒಂದು ಮನೆಗೆ. 2003ರ ಬೇಸಿಗೆಯ ಬಿಸಿಗಾಳಿಗೆ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಸತ್ತರು. ಅವರಲ್ಲಿ ಬಹುತೇಕರು ವೃದ್ಧರು. ಆಗಸ್ಟ್ ತಿಂಗಳ ರಜೆಗೆಂದು ಮಕ್ಕಳು ಊರು ಬಿಟ್ಟಿದ್ದರು, ಹಲವು ವೃದ್ಧರು ತಮ್ಮ ಕೋಣೆಗಳಲ್ಲಿ ಒಂಟಿಯಾಗಿ ಪ್ರಾಣಬಿಟ್ಟರು. ಸರಕಾರ ಎಷ್ಟೇ ಒಳ್ಳೆಯದಿದ್ದರೂ ಮಗನ ಜಾಗವನ್ನು ತುಂಬಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇನ್ನು ಬಾಗಿಲ ಹೊರಗೆ ನೋಡೋಣ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಮೊದಲ ಮಹಾಯುದ್ಧದ ನಂತರ ಕಾರ್ಮಿಕರು ಗೂಡಿನಂಥ ಕೋಣೆಗಳಲ್ಲಿ ಬದುಕುತ್ತಿದ್ದರು. 1923ರಿಂದ ನಗರಸಭೆ ತೆರಿಗೆಯ ಹಣದಿಂದ ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟತೊಡಗಿತು. 1930ರಲ್ಲಿ ಪೂರ್ಣಗೊಂಡ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಕಟ್ಟಡ ಒಂದು ಕಿಲೋಮೀಟರಿಗೂ ಉದ್ದವಿದೆ, 1,382 ಮನೆಗಳು. ಮನೆಗಳು ಚಿಕ್ಕವು. ಆದರೆ ಅವುಗಳೊಂದಿಗೆ ಶಿಶುವಿಹಾರ, ಗ್ರಂಥಾಲಯ, ಬಟ್ಟೆ ಒಗೆಯುವ ಮನೆ, ಸ್ನಾನಗೃಹ, ಮಕ್ಕಳು ಆಡಲು ವಿಶಾಲ ಅಂಗಳ ಇವೆಲ್ಲವನ್ನೂ ಕಟ್ಟಿದರು. ಇಂದಿಗೂ ವಿಯೆನ್ನಾದ ಸುಮಾರು ಅರ್ಧದಷ್ಟು ಜನ ನಗರಸಭೆಯ ಅಥವಾ ಸಹಾಯಧನದ ಮನೆಗಳಲ್ಲಿದ್ದಾರೆ. ಗುಮಾಸ್ತನೂ ಶಿಕ್ಷಕನೂ ಬಸ್ ಚಾಲಕನೂ ಅಕ್ಕಪಕ್ಕದಲ್ಲಿ ವಾಸಿಸುತ್ತಾರೆ.

ಈಗ ವ್ಯತ್ಯಾಸ ನಿಮಗೆ ಹೊಳೆದಿರಬೇಕು. ಅಮೆರಿಕನ್ನರು ತಮ್ಮ ಹಣವನ್ನು ಬಾಗಿಲ ಒಳಗೆ ಹಾಕಿದರು. ಯುರೋಪಿಯನ್ನರು ಅದರ ದೊಡ್ಡ ಪಾಲನ್ನು ಬಾಗಿಲ ಹೊರಗೆ ಹಾಕಿದರು. ಉಳಿದ ವ್ಯತ್ಯಾಸಗಳನ್ನೂ ಈ ಒಂದು ಬೀಗದ ಕೈಯಿಂದ ತೆರೆಯಬಹುದು.

ದುಡಿಮೆ, ರಜೆ, ಕಾಯಿಲೆ

ಅಮೆರಿಕದ ತಲಾ ಆದಾಯ ಜರ್ಮನಿ, ಫ್ರಾನ್ಸುಗಳಿಗಿಂತ ಬಹಳ ಹೆಚ್ಚು. ತೆರಿಗೆಯೂ ಕಡಿಮೆ. ದೇಶದ ಒಟ್ಟು ಉತ್ಪನ್ನದಲ್ಲಿ ತೆರಿಗೆಯ ಪಾಲು ಅಮೆರಿಕದಲ್ಲಿ ನಾಲ್ಕನೇ ಒಂದು ಭಾಗದ ಆಸುಪಾಸು, ಫ್ರಾನ್ಸ್, ಡೆನ್ಮಾರ್ಕ್‌ಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು. ಆದ್ದರಿಂದ ಅಮೆರಿಕನ್ನರ ಕೈಯಲ್ಲಿ ಹೆಚ್ಚು ಹಣ ಉಳಿಯುತ್ತದೆ.

ಆದರೆ ಆ ಹಣದಿಂದ ಅವರು ಕೊಂಡುಕೊಳ್ಳಬೇಕಾದದ್ದೂ ಹೆಚ್ಚು. ಯುರೋಪಿಯನ್ ಒಕ್ಕೂಟದ ನಿಯಮದಂತೆ ಪ್ರತಿ ನೌಕರನಿಗೂ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳ ಸಹಿತ ರಜೆ ಕೊಡಲೇಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಂಥ ಒಂದು ದಿನವೂ ಇಲ್ಲ, ಅದು ಮಾಲೀಕನ ಮರ್ಜಿ. ಸ್ವೀಡನ್ನಿನಲ್ಲಿ ಮಗು ಹುಟ್ಟಿದರೆ ತಂದೆತಾಯಿಗೆ ಒಟ್ಟು 480 ದಿನಗಳ ಭತ್ಯೆ ಸಹಿತ ರಜೆ ಸಿಗುತ್ತದೆ. ಅಮೆರಿಕದ 1993ರ ಕಾನೂನು ಕೊಡುವುದು ಹನ್ನೆರಡು ವಾರ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗಲ್ಲ. ಕೆಲವು ರಾಜ್ಯಗಳು ಮಾತ್ರ ತಮ್ಮದೇ ಉತ್ತಮ ಕಾನೂನು ಮಾಡಿಕೊಂಡಿವೆ. ಸರಾಸರಿ ಅಮೆರಿಕನ್ ವರ್ಷಕ್ಕೆ ಸುಮಾರು 1,800 ಗಂಟೆ ದುಡಿದರೆ ಜರ್ಮನ್ ದುಡಿಯುವುದು ಸುಮಾರು 1,350 ಗಂಟೆ.

ಕಾಯಿಲೆಯ ವಿಷಯವೂ ಹಾಗೆಯೇ. ಜರ್ಮನಿಯಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ಕಾನೂನು ಬಂದದ್ದು 1883ರಲ್ಲಿ. ಬ್ರಿಟನ್ನಿನಲ್ಲಿ ಸರಕಾರಿ ಆರೋಗ್ಯ ಸೇವೆ ಶುರುವಾದದ್ದು 1948ರ ಜುಲೈ 5ರಂದು. ಅಮೆರಿಕದಲ್ಲಿ ವೃದ್ಧರಿಗೆ 1965ರಲ್ಲಿ ವಿಮೆ ಬಂತು. 2010ರ ಕಾನೂನಿನಿಂದ ಇನ್ನೂ ಅನೇಕರಿಗೆ ಸಿಕ್ಕಿತು. ಆದರೂ 2023ರಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಜನರಿಗೆ ಯಾವ ವಿಮೆಯೂ ಇರಲಿಲ್ಲ. ಜಗತ್ತಿನ ಶ್ರೇಷ್ಠ ಆಸ್ಪತ್ರೆಗಳು ಅಲ್ಲಿವೆ. ಆದರೂ ಅದೇ ವರ್ಷ ಅಲ್ಲಿನ ಸರಾಸರಿ ಆಯುಷ್ಯ 78 ವರ್ಷ, ಯುರೋಪಿಯನ್ ಒಕ್ಕೂಟದಲ್ಲಿ 81.

ಮನೋಭಾವ

ಜನ ಹೀಗೇಕೆ ಒಪ್ಪಿಕೊಂಡಿದ್ದಾರೆ? ಇಲ್ಲಿ ಮನೋಭಾವದ ಪ್ರಶ್ನೆ ಬರುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2011ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತು. ಸರಕಾರದ ಹಸ್ತಕ್ಷೇಪವಿಲ್ಲದೆ ತನ್ನ ಗುರಿ ಸಾಧಿಸುವ ಸ್ವಾತಂತ್ರ್ಯ ಮುಖ್ಯವೇ, ಯಾರೂ ಕಷ್ಟದಲ್ಲಿ ಬೀಳದಂತೆ ಸರಕಾರ ನೋಡಿಕೊಳ್ಳುವುದು ಮುಖ್ಯವೇ ಎಂದು ಕೇಳಿದರು. ಅಮೆರಿಕದಲ್ಲಿ ಶೇಕಡಾ 58 ಜನ ಸ್ವಾತಂತ್ರ್ಯ ಎಂದರು. ಜರ್ಮನಿಯಲ್ಲಿ ಶೇಕಡಾ 62 ಜನ, ಫ್ರಾನ್ಸಿನಲ್ಲಿ ಶೇಕಡಾ 64 ಜನ ಎರಡನೆಯದನ್ನು ಆರಿಸಿದರು. ಬದುಕಿನ ಯಶಸ್ಸು ನಮ್ಮ ಕೈಮೀರಿದ ಶಕ್ತಿಗಳಿಂದ ನಿರ್ಧಾರವಾಗುತ್ತದೆ ಎಂಬ ಮಾತನ್ನು ಜರ್ಮನಿಯಲ್ಲಿ ಶೇಕಡಾ 72 ಜನ ಒಪ್ಪಿದರು, ಅಮೆರಿಕದಲ್ಲಿ ಶೇಕಡಾ 36 ಜನ ಮಾತ್ರ.

ಅಮೆರಿಕನ್ ತನ್ನ ಗೆಲುವನ್ನು ತನ್ನ ದುಡಿಮೆಯ ಫಲ ಎನ್ನುತ್ತಾನೆ, ಸೋಲನ್ನೂ ತನ್ನ ತಲೆಯ ಮೇಲೆಯೇ ಹಾಕಿಕೊಳ್ಳುತ್ತಾನೆ. ಅಪರಿಚಿತನನ್ನು ನಗುತ್ತಾ ಮಾತನಾಡಿಸುತ್ತಾನೆ. ವ್ಯಾಪಾರದಲ್ಲಿ ಮುಳುಗಿದವನು ಮತ್ತೆ ಎದ್ದು ನಿಂತರೆ ಅವನನ್ನು ಗೌರವಿಸುತ್ತಾರೆ. ದಾನದಲ್ಲೂ ಅಮೆರಿಕನ್ನರು ಮುಂದು. ವರ್ಷಕ್ಕೆ ದೇಶದ ಒಟ್ಟು ಉತ್ಪನ್ನದ ಶೇಕಡಾ ಎರಡರಷ್ಟು ಹಣವನ್ನು ಸ್ವಂತ ಇಚ್ಛೆಯಿಂದ ಕೊಡುತ್ತಾರೆ. ವಿಶ್ವವಿದ್ಯಾಲಯ, ಗ್ರಂಥಾಲಯ, ಆಸ್ಪತ್ರೆಗಳೆಷ್ಟೋ ಅಂಥ ದಾನದಿಂದಲೇ ಎದ್ದು ನಿಂತಿವೆ. ಯುರೋಪಿಯನ್ ಅಷ್ಟು ಬೇಗ ಗೆಳೆಯನಾಗುವುದಿಲ್ಲ. ಅವನು ದಾನಕ್ಕಿಂತ ತೆರಿಗೆಯನ್ನು ನಂಬುತ್ತಾನೆ. ಬಡವನಿಗೆ ಔಷಧ ಕೊಡಿಸಿ ಅವನಿಂದ ಕೃತಜ್ಞತೆ ಬಯಸುವುದಕ್ಕಿಂತ ಔಷಧ ಅವನ ಹಕ್ಕಾಗಿ ಇರಲಿ ಎನ್ನುತ್ತಾನೆ.

ಹೋಟೆಲಿನಲ್ಲೂ ಇದು ಕಾಣುತ್ತದೆ. ಅಮೆರಿಕದಲ್ಲಿ ಬಿಲ್ಲಿನ ಮೇಲೆ ಶೇಕಡಾ 15-20ರಷ್ಟು ಭಕ್ಷೀಸು ಇಡಲೇಬೇಕು. ಭಕ್ಷೀಸು ಪಡೆಯುವ ನೌಕರನಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿಯನ್ನು ಕೇಂದ್ರ ಕಾನೂನು 1991ರಲ್ಲಿ ಗಂಟೆಗೆ 2 ಡಾಲರ್ 13 ಸೆಂಟ್ ಎಂದು ನಿಗದಿ ಮಾಡಿತು, ಅದನ್ನು ಆಮೇಲೆ ಏರಿಸಿಲ್ಲ. ಹೆಚ್ಚು ಕೊಡುವ ರಾಜ್ಯಗಳೂ ಇವೆಯೆನ್ನಿ. ಮಾಣಿಯ ಹೊಟ್ಟೆಪಾಡು ಅಲ್ಲಿ ಗಿರಾಕಿಯ ಔದಾರ್ಯಕ್ಕೆ ಸೇರಿದ್ದು, ಯುರೋಪಿನ ಬಹುಪಾಲು ದೇಶಗಳಲ್ಲಿ ಅವನ ಸಂಬಳಕ್ಕೆ ಸೇರಿದ್ದು.

ಧರ್ಮದ ವಿಷಯದಲ್ಲಿ ‘ಪಾಶ್ಚಾತ್ಯರಿಗೆ ದೇವರಿಲ್ಲ’ ಎಂಬ ನಮ್ಮ ಮಾತೂ ಪೂರ್ತಿ ನಿಜವಲ್ಲ. ಅದೇ ಸಮೀಕ್ಷೆಯಲ್ಲಿ ಧರ್ಮ ತಮ್ಮ ಬದುಕಿನಲ್ಲಿ ಬಹಳ ಮುಖ್ಯ ಎಂದವರು ಅಮೆರಿಕದಲ್ಲಿ ಅರ್ಧದಷ್ಟಿದ್ದರೆ, ಫ್ರಾನ್ಸಿನಲ್ಲಿ ಶೇಕಡಾ 13 ಮಾತ್ರ.

ಮಕ್ಕಳ ಶಾಲೆ

ನಾವು ಶಿಕ್ಷಣಕ್ಕಾಗಿಯೇ ಒಂದಾದವರು. ಆದ್ದರಿಂದ ಈ ಎರಡು ಪದ್ಧತಿಗಳು ಮಕ್ಕಳಿಗೆ ಏನು ಮಾಡಿವೆ ಎಂಬುದನ್ನು ನೋಡಲೇಬೇಕು. ಇಲ್ಲಿ ಇಬ್ಬರೂ ಎಡವಿದ್ದಾರೆ.

ಅಮೆರಿಕದಲ್ಲಿ ಸರಕಾರಿ ಶಾಲೆ ಉಚಿತ. ಆದರೆ ಶಾಲೆಯ ಹಣದಲ್ಲಿ ಅರ್ಧದ ಆಸುಪಾಸು ಬರುವುದು ಸ್ಥಳೀಯವಾಗಿ, ಮುಖ್ಯವಾಗಿ ಆ ಪ್ರದೇಶದ ಮನೆಗಳ ಮೇಲಿನ ತೆರಿಗೆಯಿಂದ. ಮನೆಗಳ ಬೆಲೆ ಹೆಚ್ಚಿದ್ದರೆ ಶಾಲೆಗೆ ಹೆಚ್ಚು ಹಣ, ಕಡಿಮೆಯಿದ್ದರೆ ಕಡಿಮೆ ಹಣ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದ ಬಡ ಬಡಾವಣೆಯ ಮೆಕ್ಸಿಕನ್ ಮೂಲದ ಪೋಷಕರು ಇದು ಅನ್ಯಾಯ ಎಂದು ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ, ಇದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ತೀರ್ಪು ಕೊಟ್ಟಿತು. ನಂತರ ಹಲವು ರಾಜ್ಯಗಳು ಬಡ ಶಾಲೆಗಳಿಗೆ ಹೆಚ್ಚಿನ ಹಣ ಕೊಡುವ ವ್ಯವಸ್ಥೆ ಮಾಡಿದವು. ಆದರೂ ಅಲ್ಲಿ ತಂದೆತಾಯಿ ಮನೆ ಕೊಳ್ಳುವಾಗ ಮೊದಲು ಕೇಳುವುದು ಶಾಲೆ ಯಾವುದು ಎಂದೇ. ಮಗುವಿನ ಭವಿಷ್ಯ ಅದರ ವಿಳಾಸದಲ್ಲಿ ಅಡಗಿದೆ.

ಜರ್ಮನಿಯಲ್ಲಿ ವಿಳಾಸಕ್ಕಿಂತ ವಯಸ್ಸು ದೊಡ್ಡ ಬಾಗಿಲು. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿಯ ನಂತರ, ಹತ್ತನೇ ವಯಸ್ಸಿಗೆ, ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುತ್ತಾರೆ. ಗಿಮ್ನಾಸಿಯಂ ಎಂಬ ಶಾಲೆ ವಿಶ್ವವಿದ್ಯಾಲಯದ ದಾರಿ, ಹೌಪ್ಟ್‌ಶೂಲೆ ಎಂಬುದು ಕೈಕೆಲಸದ ದಾರಿ. ಮನೆಯಲ್ಲಿ ಜರ್ಮನ್ ಮಾತನಾಡದ ಕಾರ್ಮಿಕರ ಮಕ್ಕಳು ಹತ್ತನೇ ವಯಸ್ಸಿಗೆ ಭಾಷೆಯಲ್ಲಿ ಹಿಂದೆ ಬಿದ್ದು ಎರಡನೆಯದಕ್ಕೆ ಹೋಗುತ್ತಿದ್ದರು. 2001ರ ಡಿಸೆಂಬರಿನಲ್ಲಿ ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ ಬಂದಾಗ, ತಂದೆತಾಯಿಯ ಸ್ಥಿತಿಗತಿಗೂ ಮಗುವಿನ ಓದಿಗೂ ಇರುವ ನಂಟು ಜರ್ಮನಿಯಲ್ಲಿ ಅತ್ಯಂತ ಗಟ್ಟಿ ಎಂಬುದು ತಿಳಿದು ಆ ದೇಶ ಬೆಚ್ಚಿಬಿತ್ತು. ಆಮೇಲೆ ಹಲವು ರಾಜ್ಯಗಳು ಹೌಪ್ಟ್‌ಶೂಲೆಯನ್ನು ಬೇರೆ ಶಾಲೆಗಳೊಂದಿಗೆ ಸೇರಿಸಿದವು. ಅದೇ ಯುರೋಪಿನ ಫಿನ್ಲೆಂಡ್ ಹದಿನಾರನೇ ವಯಸ್ಸಿನವರೆಗೆ ಎಲ್ಲ ಮಕ್ಕಳನ್ನೂ ಒಂದೇ ಬಗೆಯ ಶಾಲೆಯಲ್ಲಿ ಕೂರಿಸಿ ಆ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆಯಿತು.

ಒಂದು ಉದಾಹರಣೆ ಹೇಳುತ್ತೇನೆ. ಟರ್ಕಿಯಲ್ಲಿ ಹುಟ್ಟಿ ನಾಲ್ಕನೇ ವಯಸ್ಸಿಗೆ ಜರ್ಮನಿಗೆ ಬಂದ ಉಗುರ್ ಶಾಹಿನ್ ಎಂಬವರ ತಂದೆ ಕಾರು ಕಾರ್ಖಾನೆಯ ಕಾರ್ಮಿಕರಾಗಿದ್ದರು. ಪ್ರಾಥಮಿಕ ಶಾಲೆ ಮುಗಿದಾಗ ಆ ಹುಡುಗನನ್ನು ಹೌಪ್ಟ್‌ಶೂಲೆಗೆ ಕಳುಹಿಸಲು ಸೂಚಿಸಿದ್ದರು. ಪಕ್ಕದ ಮನೆಯ ಜರ್ಮನ್ ವ್ಯಕ್ತಿ ಮಧ್ಯೆ ಬಂದು ಮಾತನಾಡಿದ್ದರಿಂದ ಗಿಮ್ನಾಸಿಯಂ ಸಿಕ್ಕಿತು. ಆ ಹುಡುಗ ವೈದ್ಯನಾದ. ಮುಂದೆ ಟರ್ಕಿ ಮೂಲದವರೇ ಆದ ಪತ್ನಿ ಓಜ್ಲೆಮ್ ತುರೆಜಿ ಅವರೊಂದಿಗೆ ಬಯೋಎನ್‌ಟೆಕ್ ಕಂಪನಿ ಸ್ಥಾಪಿಸಿ 2020ರಲ್ಲಿ ಕೊರೊನಾ ಲಸಿಕೆಯನ್ನು ಜಗತ್ತಿಗೆ ಕೊಟ್ಟ. ಒಬ್ಬ ನೆರೆಯವನ ಮಾತು! ಇಸ್ಲಾಮ್ ಪಡೋಸಿಯ ಹಕ್ಕಿನ ಬಗ್ಗೆ ಅಷ್ಟೊಂದು ಒತ್ತಿ ಹೇಳಿದ್ದೇಕೆ ಎಂದು ಈ ಒಂದು ಘಟನೆ ತಿಳಿಸುತ್ತದೆ. ಆ ನೆರೆಯವನು ಇಲ್ಲದಿದ್ದರೆ ಹತ್ತನೇ ವಯಸ್ಸಿನಲ್ಲೇ ಮುಚ್ಚಿಹೋದ ಶಾಹಿನ್‌ಗಳು ಎಷ್ಟು ಮಂದಿಯೋ, ಅಲ್ಲಾಹನೇ ಬಲ್ಲ.

ಅಲ್ಲಿನ ಮುಸಲ್ಮಾನರು

ಅಮೆರಿಕದ ಮುಸಲ್ಮಾನರು ಮುಂದುವರಿದಿದ್ದಾರೆ, ಯುರೋಪಿನವರು ಹಿಂದಿದ್ದಾರೆ ಎಂಬ ಮಾತು ಕೇಳಿಬರುತ್ತದೆ. ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಜರ್ಮನಿ 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ, ಗಣಿಗಳಿಗೆ ಕೂಲಿಗಳನ್ನು ಕರೆಸಿತು. ಫ್ರಾನ್ಸಿಗೆ ಅಲ್ಜೀರಿಯ, ಮೊರಾಕೊಗಳಿಂದ, ಇಂಗ್ಲೆಂಡಿನ ಗಿರಣಿಗಳಿಗೆ ಮೀರ್‌ಪುರದಂಥ ಕಡೆಗಳಿಂದ ಕಾರ್ಮಿಕರು ಹೋದರು. ಅಮೆರಿಕ ತನ್ನ 1965ರ ವಲಸೆ ಕಾನೂನಿನ ನಂತರ ಏಷ್ಯಾದಿಂದ ವೈದ್ಯರನ್ನು, ಇಂಜಿನಿಯರುಗಳನ್ನು ಕರೆಸಿಕೊಂಡಿತು. ಒಂದು ಕಡೆ ಕೈಗಳು ಹೋದವು, ಇನ್ನೊಂದು ಕಡೆ ಪದವಿಗಳು ಹೋದವು. ಅಮೆರಿಕದ ಮುಸಲ್ಮಾನರಲ್ಲಿ ಐದನೇ ಒಂದು ಭಾಗದಷ್ಟು ಕರಿಯರಿದ್ದಾರೆ ಎಂಬುದನ್ನೂ, ಅವರ ಕಷ್ಟದ ಕಥೆ ಬೇರೆಯೇ ಎಂಬುದನ್ನೂ ಮರೆಯಬಾರದು.

ಉಡುಪಿನ ವಿಷಯದಲ್ಲೂ ದಾರಿಗಳು ಬೇರೆ. ಫ್ರಾನ್ಸ್ 2004ರ ಕಾನೂನಿನಿಂದ ಸರಕಾರಿ ಶಾಲೆಗಳಲ್ಲಿ ಶಿರವಸ್ತ್ರವನ್ನು ನಿಷೇಧಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ, ಶಿರವಸ್ತ್ರದ ಕಾರಣಕ್ಕೆ ಕೆಲಸ ನಿರಾಕರಿಸಲ್ಪಟ್ಟ ಯುವತಿಯ ಪರವಾಗಿ ತೀರ್ಪು ಕೊಟ್ಟಿತು. ಒಬ್ಬರಿಗೆ ಸಾರ್ವಜನಿಕ ಜಾಗ ಎಂದರೆ ಎಲ್ಲರೂ ಒಂದೇ ಥರ ಇರಬೇಕಾದ ಜಾಗ, ಇನ್ನೊಬ್ಬರಿಗೆ ಪ್ರತಿಯೊಬ್ಬನೂ ತನ್ನ ನಂಬಿಕೆಯೊಂದಿಗೆ ಬರಬಹುದಾದ ಜಾಗ. ನಮ್ಮ ರಾಜ್ಯದಲ್ಲಿ 2022ರಲ್ಲಿ ಈ ಪ್ರಶ್ನೆ ಎದ್ದಾಗ ಎಷ್ಟೋ ಹೆಣ್ಣುಮಕ್ಕಳ ಓದಿಗೆ ತೊಡಕಾದದ್ದನ್ನು ಕಂಡವರು ನಾವು, ಆದ್ದರಿಂದ ಇದರ ಬೆಲೆ ನಮಗೆ ಗೊತ್ತು. ಹಾಗೆಂದು ಅಮೆರಿಕ ಸ್ವರ್ಗವಲ್ಲ. 2017ರಲ್ಲಿ ಹಲವು ಮುಸ್ಲಿಂ ದೇಶಗಳ ಜನರಿಗೆ ಬಾಗಿಲು ಹಾಕಿದ್ದೂ ಅದೇ ದೇಶ. ಯುರೋಪ್ ನರಕವೂ ಅಲ್ಲ. ಇಸ್ಲಾಮನ್ನು 1912ರಷ್ಟು ಹಿಂದೆಯೇ ಕಾನೂನಿನ ಮೂಲಕ ಮಾನ್ಯ ಮಾಡಿದ ಆಸ್ಟ್ರಿಯಾ ಇರುವುದು ಅಲ್ಲೇ.

ನಮಗೇನು ಪಾಠ?

ಮೊದಲನೆಯದು, ಮಕ್ಕಳನ್ನು ಕಳುಹಿಸುವ ಪೋಷಕರಿಗೆ. 2023-24ರಲ್ಲಿ ಅಮೆರಿಕದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಭಾರತೀಯ ವಿದ್ಯಾರ್ಥಿಗಳಿದ್ದರು. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲೂ ಈಚೆಗೆ ಭಾರತೀಯರದೇ ದೊಡ್ಡ ಗುಂಪು. ಅಮೆರಿಕದಲ್ಲಿ ಶುಲ್ಕ ದುಬಾರಿ. ಅಲ್ಲಿನ ಜನರ ಮೇಲೆಯೇ 1.7 ಟ್ರಿಲಿಯನ್ ಡಾಲರಿಗೂ ಹೆಚ್ಚು, ಎಂದರೆ 1.7 ಲಕ್ಷ ಕೋಟಿ ಡಾಲರಿಗೂ ಮೀರಿದ ಶಿಕ್ಷಣ ಸಾಲವಿದೆ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಗೆ 2017ರಲ್ಲಿ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿತು, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಲ್ಲಿ ಶುಲ್ಕ ತಂದಿತು. ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚಿನ ಹಣವನ್ನು ಅಲ್ಲಿನ ವಿಶೇಷ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಅದು 11,904 ಯೂರೋ ಎಂದು ನಿಗದಿಯಾಗಿತ್ತು. ಇಂಗ್ಲೆಂಡಿನಲ್ಲಿ ಅಲ್ಲಿನವರೇ ವರ್ಷಕ್ಕೆ 9,000 ಪೌಂಡಿಗೂ ಹೆಚ್ಚು ಕಟ್ಟುತ್ತಾರೆ, ಹೊರಗಿನವರು ಅದಕ್ಕಿಂತ ಹೆಚ್ಚು. ಆದ್ದರಿಂದ ‘ಫಾರಿನ್‌ಗೆ ಕಳುಹಿಸುತ್ತೇವೆ’ ಎನ್ನುವ ಮೊದಲು ಯಾವ ದೇಶ, ಯಾವ ರಾಜ್ಯ, ಯಾವ ಭಾಷೆ, ಬಡ್ಡಿಯ ಸಾಲವಿಲ್ಲದೆ ಆಗುತ್ತದೆಯೇ ಎಂಬ ನಾಲ್ಕು ಪ್ರಶ್ನೆ ಕೇಳಿ. ಜರ್ಮನಿಗೆ ಹೋಗುವವರು ಇಲ್ಲಿಂದಲೇ ಜರ್ಮನ್ ಕಲಿತು ಹೋಗಲಿ.

ಎರಡನೆಯದು ಹೋಗದೆ ಇಲ್ಲೇ ಉಳಿಯುವ ನಮಗೆಲ್ಲರಿಗೆ. ನಾವು ದಾನವನ್ನು ನಂಬುವ ಅಮೆರಿಕನ್ನರನ್ನೂ ಅನುಸರಿಸಬೇಕಾಗಿಲ್ಲ, ತೆರಿಗೆಯನ್ನು ನಂಬುವ ಯುರೋಪಿಯನ್ನರನ್ನೂ ಅನುಸರಿಸಬೇಕಾಗಿಲ್ಲ. ನಮ್ಮ ದೀನ್ ಎರಡನ್ನೂ ಒಟ್ಟಿಗೆ ಕೊಟ್ಟಿದೆ. ಝಕಾತ್ ಬಡವನ ಹಕ್ಕು, ಕೊಡುವವನ ಔದಾರ್ಯವಲ್ಲ. ವಕ್ಫ್ ಎಂದರೆ ತನ್ನ ಆಸ್ತಿಯನ್ನು ಬಾಗಿಲ ಒಳಗಿನಿಂದ ತೆಗೆದು ಶಾಶ್ವತವಾಗಿ ಬಾಗಿಲ ಹೊರಗೆ ಇಡುವುದು. ಮದೀನಾದಲ್ಲಿ ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಕೊಂಡು ಎಲ್ಲರ ನೀರಿಗಾಗಿ ಬಿಟ್ಟುಕೊಟ್ಟರು. ಇಸ್ತಾಂಬುಲಿನಲ್ಲಿ ಸುಲ್ತಾನ್ ಫಾತಿಹ್ 1463ರಿಂದ 1470ರವರೆಗೆ ಕಟ್ಟಿಸಿದ ಮಸೀದಿಯ ಸುತ್ತ ಮದರಸಗಳು, ಗ್ರಂಥಾಲಯ, ಆಸ್ಪತ್ರೆ, ಬಡವರಿಗೆ ಊಟದ ಮನೆ ಎಲ್ಲವೂ ಇದ್ದವು. ವಿಯೆನ್ನಾ ಕಟ್ಟಿದ್ದನ್ನು ನಮ್ಮವರು ನಾಲ್ಕೂವರೆ ಶತಮಾನ ಮೊದಲೇ ಕಟ್ಟಿದ್ದರು.

ಈಗ ನಮ್ಮ ಮೊಹಲ್ಲಾಗಳನ್ನು ನೋಡಿ. ಗಲ್ಫಿನ ಹಣವೋ ವ್ಯಾಪಾರದ ಹಣವೋ ಬಂದ ಕೂಡಲೇ ಮನೆಯ ಮೇಲೆ ಇನ್ನೊಂದು ಮಹಡಿ ಏಳುತ್ತದೆ. ಒಳಗೆ ಗ್ರಾನೈಟ್, ಹೊರಗೆ ಚರಂಡಿ. ಒಳಗೆ ದೊಡ್ಡ ಟಿವಿ, ಆದರೆ ಎಸ್ಸೆಸ್ಸೆಲ್ಸಿ ಓದುವ ಹುಡುಗಿಗೆ ಕುಳಿತು ಓದಲು ಮೌನವಿರುವ ಒಂದು ಮೂಲೆಯಿಲ್ಲ. ಪಕ್ಕದ ಬಾಡಿಗೆ ಮನೆಯಲ್ಲಿ ಒಂದೇ ಕೋಣೆಯಲ್ಲಿ ಏಳು ಜನ, ಅಲ್ಲಿಯ ಹುಡುಗ ಬೀದಿದೀಪದ ಕೆಳಗೂ ಕೂರಲಾರ. ನಾವು ಮನೆ ಕಟ್ಟುವುದರಲ್ಲಿ ಅಮೆರಿಕನ್ನರನ್ನು ಹಿಂಬಾಲಿಸುತ್ತಿದ್ದೇವೆ, ಆದರೆ ಅವರು ಕಟ್ಟಿದ ಗ್ರಂಥಾಲಯಗಳನ್ನು ಕಟ್ಟುತ್ತಿಲ್ಲ.

ಆದ್ದರಿಂದ ನನ್ನದು ಒಂದೇ ವಿನಂತಿ. ನಿಮ್ಮ ಮೊಹಲ್ಲಾದಲ್ಲಿ ಒಂದು ಓದುವ ಕೋಣೆ ಮಾಡಿ. ಮಸೀದಿಯ ಮೇಲಿನ ಮಹಡಿಯಾಗಲಿ, ಶಾದಿ ಮಹಲಿನ ಪಕ್ಕದ ಕೋಣೆಯಾಗಲಿ, ಯಾರದೋ ಮನೆಯ ಮುಂಭಾಗವಾಗಲಿ. ನಾಲ್ಕು ಮೇಜು, ಒಳ್ಳೆಯ ಬೆಳಕು, ಪಠ್ಯಪುಸ್ತಕಗಳು, ಒಂದು ಕನ್ನಡ ಪತ್ರಿಕೆ, ಒಂದು ಉರ್ದು ಪತ್ರಿಕೆ. ಸಂಜೆ ನಾಲ್ಕರಿಂದ ಮಗ್ರಿಬ್‌ವರೆಗೆ ಹೆಣ್ಣುಮಕ್ಕಳಿಗೆ, ಮಗ್ರಿಬ್‌ನಿಂದ ರಾತ್ರಿ ಹತ್ತರವರೆಗೆ ಗಂಡುಮಕ್ಕಳಿಗೆ. ಪದವಿ ಓದಿದ ಒಬ್ಬರು ದಿನಕ್ಕೊಂದು ಗಂಟೆ ಅಲ್ಲಿ ಕುಳಿತರೆ ಸಾಕು. ಆ ಒಬ್ಬರು ಯಾವುದೋ ಮಗುವಿಗೆ ಶಾಹಿನ್‌ನ ಪಕ್ಕದ ಮನೆಯವರಂತೆ ಆಗಬಹುದು. ಮಹಡಿಯ ಮೇಲೆ ಮಹಡಿ ಎಬ್ಬಿಸುವ ಮುನ್ನ, ಮಗಳ ಮದುವೆಗೆ ಇನ್ನೂ ನೂರು ಜನರನ್ನು ಕರೆಯುವ ಮುನ್ನ, ಅದರಲ್ಲಿ ಒಂದು ಪಾಲನ್ನು ಬಾಗಿಲ ಹೊರಗೆ ಇಡಿ. ಉಳಿದ ಮಹಡಿಗಳನ್ನು ಆಮೇಲೆ ಕಟ್ಟಿಕೊಳ್ಳಬಹುದು, ಹತ್ತನೇ ತರಗತಿಯ ಮಗು ಮಾತ್ರ ಕಾಯುವುದಿಲ್ಲ.

ಅಲ್ಲಾಹನು ನಮ್ಮೆಲ್ಲರಿಗೂ ಇದಕ್ಕೆ ತೌಫೀಕ್ ಕರುಣಿಸಲಿ, ಆಮೀನ್.